ಎತ್ತು ಕಟ್ಟಿ ಎಳೆಸಿದ ಕಾರು

ಎಪ್ಪತ್ತರ ದಶಕದಲ್ಲಿ ಸವದತ್ತಿಯ ಸಾವಕಾರರೊಬ್ಬರ ಕಾರಿನ ಇಂಜಿನ್ ಬಿಚ್ಚಿ, ಎರಡು ಕಾರ್ಬೊರೇಟರ್ ಕೂಡಿಸಿ, ಅದಕ್ಕೆ ಓಟ ಕಲಿಸಿದವನು ನಾನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಕಲಿತದ್ದೆಲ್ಲ ಈ ಕೈಗಳಿಂದ. ರಾಮದುರ್ಗದ ಬಸ್ಸು ಹೋಗಿ ಅರ್ಧ ತಾಸಿಗೆ ಹೊರಟರೂ ಬಸ್ಸಿಗಿಂತ ಮೊದಲೇ ಮುಟ್ಟುತ್ತೇನೆಂದು ಸಾವಕಾರರು ಊರೆಲ್ಲ ಹೇಳಿಕೊಳ್ಳುತ್ತಿದ್ದರು.

ಆ ವರ್ಷ ದಸರೆಯ ಖಂಡೆ ಪೂಜೆಯಲ್ಲಿ ಕಾರಿಗೂ ಪೂಜೆಯಾದ ಮರುದಿನದಿಂದ ಕಾರು ಕೈಕೊಟ್ಟಿತು. ನಾಲ್ಕೈದು ಮೈಲಿಗೆ ಗಪ್ಪನೆ ನಿಲ್ಲುವುದು, ಅರ್ಧ ತಾಸು ಬಿಟ್ಟರೆ ತಾನೇ ಚಾಲೂ ಆಗುವುದು. ನಾನು ಬಾನೆಟ್ ಎತ್ತುವ ಮೊದಲೇ ಸಾವಕಾರರು ನನ್ನ ಗ್ಯಾರೇಜಿನ ಮುಂದೆ, ಚಹಾದಂಗಡಿಯ ಮಂದಿಯೆಲ್ಲ ಕೇಳುವಂತೆ ಅಂದರು:

"ಸಾಲಿ ಕಟ್ಟಿ ಹತ್ತಲಾರದವನ ಕೈಯಾಗ ಇಂಜಿನ್ ಕೊಟ್ಟೆ ನೋಡು, ನನಗ ಬುದ್ಧಿ ಇಲ್ಲ. ಎತ್ತಿನಗಾಡಿಗಿ ಎಣ್ಣಿ ಹಚ್ಚಾಕಷ್ಟ ಲಾಯಕ್ಕದಿ ನೀ."

ಮಂದಿ ನಕ್ಕರು. ಆಮೇಲೆ ತಿಂಗಳಿಡೀ ನನ್ನ ಬಾಗಿಲಿಗೆ ಒಂದು ಗಾಡಿಯೂ ಬರಲಿಲ್ಲ.

ಬೆಳಗಾವಿಯ ಮಿಸ್ತ್ರಿಯೊಬ್ಬ ಆ ಕಾರಿನ ಕಿಡಿ ಹುಟ್ಟಿಸುವ ಕಾಯಿಲ್ ಬದಲಿಸಿದ, ವೈರು ಬದಲಿಸಿದ, ಪೆಟ್ರೋಲ್ ಪಂಪನ್ನೂ ಬದಲಿಸಿದ. ಕಾರು ಚಾಳಿ ಬಿಡಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ.

ಒಂದು ಮಧ್ಯಾಹ್ನ ಪಕ್ಕದ ಹಳ್ಳಿ ಹೂಲಿಯಿಂದ ಸೈಕಲ್ ಮೇಲೆ ಬರುತ್ತಿದ್ದೆ. ರಸ್ತೆ ಬದಿಗೆ ಅದೇ ಕಾರು, ಪಕ್ಕದಲ್ಲಿ ಬೆವರುತ್ತ ಸಾವಕಾರರು.

"ಏನಾಗೇತಿ, ಒಂದೀಟ ನೋಡಪಾ ಮಿಸ್ತ್ರಿ."

ಕಾಯಿಲಿನ ದಪ್ಪ ವೈರು ಕಿತ್ತು ಇಂಜಿನ್ ಹತ್ತಿರ ಹಿಡಿದು ಸಾವಕಾರರಿಂದ ಸೆಲ್ಫ್ ಹೊಡೆಸಿದೆ. ನೀಲಿ ಕಿಡಿ ಚಟ್ಟನೆ ಹಾರಿತು. ಕರೆಂಟು ಸರಿಯಿತ್ತು. ಕಾರ್ಬೊರೇಟರುಗಳು ಮಾತ್ರ ಪೆಟ್ರೋಲು ಬರದೆ ಎರಡೂ ಒಣಗಿದ್ದವು. ಹಿಂದೆ ಹೋಗಿ ಪೆಟ್ರೋಲ್ ಟಾಕಿಯ ಮುಚ್ಚಳ ತಿರುಗಿಸಿದೆ. ಟಾಕಿ ಸುಸ್ಸೆಂದು ಗಾಳಿ ಎಳೆದುಕೊಂಡಿತು. ಮುಚ್ಚಳದ ಮೇಲೆ ಪೂಜೆಯ ದಿನ ಬಳಿದ ವಿಭೂತಿಯ ಮೂರು ಪಟ್ಟೆ. ಗಾಳಿಯಾಡುವ ಸಣ್ಣ ತೂತು ಅದರಡಿ ಗಟ್ಟಿಯಾಗಿ ಮುಚ್ಚಿತ್ತು. ಒಳಗೆ ಗಾಳಿ ಬರದಿದ್ದರೆ ಪೆಟ್ರೋಲು ಹೊರಡುವುದಿಲ್ಲ; ಅರ್ಧ ತಾಸು ನಿಂತರೆ ಸಂದಿಯಿಂದ ಒಂದೀಟು ಗಾಳಿ ಸೇರಿ ಮತ್ತೆ ಹೊರಡುತ್ತದೆ.

ಈಗ ಕಾರು ಚಾಲೂ ಆಗುತ್ತದೆಂದು ನನಗೆ ಗೊತ್ತಿತ್ತು. ಮುಚ್ಚಳ ಬಿಗಿದು, ಅದು ಚಾಲೂ ಆಗದಿರಲೆಂದು ಕಾಯಿಲಿನ ವೈರನ್ನು ಸಾವಕಾರರಿಗೆ ಕಾಣದಂತೆ ಜೇಬಿಗಿಳಿಸಿದೆ.

"ಇಲ್ಲಿ ಆಗೂದಿಲ್ರಿ ಸಾವಕಾರ್ರ. ಎತ್ತ ಕಟ್ಟಿಸಿ ಗ್ಯಾರೇಜಿಗೆ ತರಸ್ರಿ."

"ಎತ್ತ? ಪ್ಯಾಟಿ ನಡುವ?"

"ಎತ್ತಿನಗಾಡಿ ಆದ್ರ ನನಗ ತಿಳೀತೈತಿ ಅಂತ ನೀವ ಅಂದೀರಲ್ರಿ."

ಸಂಜೆ ಜೋಡೆತ್ತು ಆ ಕಾರನ್ನು ಪೇಟೆಯ ನಡುವೆ ಎಳೆದು ತಂದವು. ಸಾವಕಾರರು ಸ್ಟೇರಿಂಗ್ ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಚಹಾದಂಗಡಿ ಖಾಲಿಯಾಗಿ ಮಂದಿ ಸುತ್ತುಗಟ್ಟಿದರು. ಮುಚ್ಚಳ ಬಿಚ್ಚಿ, ವಿಭೂತಿ ಕಟ್ಟಿದ ತೂತು ತೋರಿಸಿ, ಸೂಜಿಯೊಂದನ್ನು ಸಾವಕಾರರ ಕೈಗೇ ಕೊಟ್ಟೆ. ತೂತು ಅವರೇ ಚುಚ್ಚಿ ತೆಗೆದರು. ವೈರು ಸಿಕ್ಕಿಸಿದೆ, ಇಂಜಿನ್ ಗುಡುಗಿತು.

"ವಿಭೂತಿ ಬಡದವರು ಯಾರ್ರಿ?"

"ನಾನ."

"ಮಂದಿಗಿ ಕೇಳಸಲಿಲ್ರಿ."

"ನಾನ ಬಡದೇನಿ. ಮಿಸ್ತ್ರಿದೇನೂ ತಪ್ಪಿಲ್ಲ."

ಮರುದಿನದಿಂದ ನನಗೆ ಗಾಡಿಗಳು ಬಂದವು. ಸಾವಕಾರರ ಕಾರಿಗೆ ಮಾತ್ರ ಮತ್ತೆ ಕೈ ಹಚ್ಚಲಿಲ್ಲ. ಎರಡು ಸಲ ಆಳು ಕಳಿಸಿದರು. ಎರಡೂ ಸಲ, ಬೆಳಗಾವಿಗೆ ಒಯ್ಯಿರೆಂದು ಹೇಳಿ ಕಳಿಸಿದೆ.