ಗಡ್ಡದ ಶಾಸಕನ ವಕೀಲರು

ವಕೀಲ ಕಾಕಾ ಮಾತು ಶುರು ಮಾಡುವ ಮೊದಲು ಎಡಗೈಯಲ್ಲಿ ಕೋಟಿನ ಕಾಲರ್ ಹಿಡಿದುಕೊಳ್ಳುತ್ತಿದ್ದರು. ಹಿಡಿದು ಹಿಡಿದು ಆ ಜಾಗದ ಕರಿಬಟ್ಟೆ ಮಿರುಗುತ್ತಿತ್ತು. ಧಾರವಾಡದ ಕೋರ್ಟಿನಲ್ಲಿ ಮೂವತ್ತು ವರ್ಷ ವಾದಿಸಿದವರು. ಅಮೆರಿಕದ ಬಾಥೆಲ್ ಊರಿನಲ್ಲಿದ್ದ ಮಗಳ ಮನೆಗೆ ಬಂದ ಮೇಲೆ ವಾದಿಸಲು ಅವರಿಗೆ ಒಂದು ಕೇಸೂ ಇರಲಿಲ್ಲ. ಕೊನೆಗೆ ಸಿಕ್ಕಿದ ಕಕ್ಷಿದಾರ, ಸತ್ತು ನೂರು ವರ್ಷ ದಾಟಿದ್ದ ಒಬ್ಬ ಅಮೆರಿಕನ್.

ಅವನು ಹತ್ತೊಂಬತ್ತನೆಯ ಶತಮಾನದ ವಕೀಲ, ಆಮೇಲೆ ಶಾಸಕ. ಅವನ ಮರದ ಮನೆ ಈಗ ಪುಟ್ಟ ಮ್ಯೂಸಿಯಂ. ಗೋಡೆಯ ಫೋಟೋದಲ್ಲಿ ಎದೆ ಮುಟ್ಟುವ ಗಡ್ಡ. ಕಾಕಾ ಅಲ್ಲಿ ಸಂಬಳವಿಲ್ಲದ ಗೈಡ್. ವೀಸಾದ ದೆಸೆಯಿಂದ ಕೆಲಸ ಮಾಡುವಂತಿಲ್ಲದೆ ಮನೆಯಲ್ಲಿ ಕೊಳೆಯುತ್ತಿದ್ದ ನನ್ನನ್ನು ಅವರೇ ಅಲ್ಲಿಗೆ ಎಳೆದುಕೊಂಡು ಹೋದರು. "ನಿಂತು ಮಾತಾಡವಾ. ಕುಂತು ಮಾತಾಡಿದ್ರ ಜಡ್ಜ್‌ಗ ನಿದ್ದಿ ಬರ್ತದ" ಎಂದು ಗದರಿಸುತ್ತ, ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಕೊಡುತ್ತ, ಅವನ ಕತೆ ಕಲಿಸಿದರು. ಮಾಲೀಕ ಬೀದಿಗೆ ತಳ್ಳಿದ್ದ ಚೀನೀ ಲಾಂಡ್ರಿಯವನೊಬ್ಬನ ಪರವಾಗಿ ಆ ಗಡ್ಡದವನು ಬಿಟ್ಟಿಯಾಗಿ ವಾದಿಸಿ ಗೆದ್ದನಂತೆ. "ಆಮ್ಯಾಲೆ ಜನ ಅವನ್ನ ಆರಿಸಿ ಶಾಸನಸಭಾಕ್ಕ ಕಳಿಸಿದ್ರು" ಎನ್ನುವಲ್ಲಿಗೆ ಕತೆ ನಿಲ್ಲಿಸುತ್ತಿದ್ದರು. ಈ ಊರಿನಲ್ಲಿ ನಾಲ್ಕು ಜನರೆದುರು ನಾನು ತಲೆಯೆತ್ತಿ ಹೇಳಬಲ್ಲ ಸಂಗತಿ ಅದೊಂದೇ ಆಗಿತ್ತು.

ಒಂದು ಶನಿವಾರ ಚೀನೀ ಮೂಲದ ವೃದ್ಧೆಯೊಬ್ಬರು, ಆರಿಸಿ ಬಂದ ಮೇಲೆ ಅವನು ಏನು ಮಾಡಿದ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಡವರ ಪರ ಕಾನೂನು ಮಾಡಿದ ಎಂದೆ. "ನಮ್ಮಂಥ ಹೊರಗಿನವರು ಭೂಮಿ ಕೊಳ್ಳಬಾರದೆಂಬ ಕಾನೂನು ತಂದವನೂ ಅವನೇ" ಎಂದರು. ನಾನು ನಕ್ಕುಬಿಟ್ಟೆ. ನಿಮಗೆ ಯಾರೋ ತಪ್ಪು ಹೇಳಿದ್ದಾರೆ ಎಂದೂ ಅಂದೆ. ಆಕೆ ಬ್ಯಾಗಿನಿಂದ ಆ ಮಸೂದೆ ಮಂಡಿಸಿದವನೆಂದು ಅವನ ಹೆಸರಿದ್ದ ಶಾಸನಸಭೆಯ ಹಳೆಯ ವರದಿಯ ಪ್ರತಿ ತೆಗೆದು ನನ್ನ ಕೈಗಿಟ್ಟರು. ಹದಿನೈದು ಜನರೆದುರು ಅದನ್ನು ಓದುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೀದಾ ಕಾಕಾರ ಮನೆಗೆ ಹೋದೆ. "ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತವಾ. ನಮ್ಮ ಕಕ್ಷಿದಾರನ ವಿರುದ್ಧ ನಾವ ಬಾಯಿ ಬಿಟ್ರ ಹ್ಯಾಂಗ?"

"ನನಗಾದ್ರೂ ಹೇಳ್ಬೇಕಿತ್ತಲ್ವಾ ಕಾಕಾ?"

ಅವರು ಕಾಲರ್ ಹಿಡಿದುಕೊಂಡು ನಕ್ಕರು. "ಏನೂ ಗೊತ್ತಿಲ್ದ ಸಾಕ್ಷಿನೇ ಛಲೋ ಹೇಳ್ತದ, ತಿಳೀತೋ ಇಲ್ಲೋ?"

ಶಿಷ್ಯೆ ಅಂದುಕೊಂಡಿದ್ದೆ, ಅವರ ಪಾಲಿಗೆ ಸಾಕ್ಷಿಯಾಗಿದ್ದೆ. ಅವರು ಚಹಾ ಕುಡಿದು ಹೋಗು ಎನ್ನುತ್ತಿದ್ದರೂ ಎದ್ದು ಬಂದೆ. ಆಮೇಲೆ ಎರಡು ಸಲ ಕಾಲ್ ಮಾಡಿದರು, ಎತ್ತಲಿಲ್ಲ.

ಆ ಚಳಿಗಾಲದಲ್ಲೇ ಕಾಕಾ ತೀರಿಕೊಂಡರು. ದೇವಸ್ಥಾನದ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ. ನೀವೇ ಅವರ ಶಿಷ್ಯೆ, ಮಾತಾಡಿ ಎಂದು ಎಲ್ಲರೂ ಸೇರಿ ನನ್ನನ್ನು ಎಬ್ಬಿಸಿದರು. ರೊಟ್ಟಿ ಹಂಚಿಕೊಂಡದ್ದು, ಗದರಿಸಿದ್ದು, ಬಾಯಿಲ್ಲದವಳಿಗೆ ಬಾಯಿ ಕೊಟ್ಟದ್ದು, ಎಲ್ಲ ಹೇಳಿದೆ. ಒಂದೂ ಸುಳ್ಳಲ್ಲ. ಜನ ಕಣ್ಣೊರೆಸಿಕೊಂಡರು. ಅವರ ಮಗಳು ನನ್ನ ಎರಡೂ ಕೈ ಹಿಡಿದು, "ಅಪ್ಪ ಕೇಳಿದ್ರ ಎಷ್ಟು ಖುಷಿ ಪಡ್ತಿದ್ರು" ಎಂದಳು.

ಖಂಡಿತ ಪಡುತ್ತಿದ್ದರು. ಎಲ್ಲಿ ನಿಲ್ಲಿಸಬೇಕೆಂದು ಅವರು ಕಲಿಸಿದ್ದರೋ ಸರಿಯಾಗಿ ಅಲ್ಲೇ ನಿಲ್ಲಿಸಿದ್ದೆ.