ಬೀಸುಕಲ್ಲು ತಿರುಗಿದಾಗ ಬಂದ ಪದ

ಸಿಕ್ಕಿತು! ನಮ್ಮವ್ವನ ಪದ ಕೊನೆಯ ಸಾಲಿನವರೆಗೂ ಸಿಕ್ಕಿಬಿಟ್ಟಿತು. ಬರುವ ತಿಂಗಳು ರಾಮನಗರದಲ್ಲಿ ನನ್ನ ಮೊಮ್ಮಗಳು ವೇದಿಕೆ ಹತ್ತಿ ಅದನ್ನು ಹಾಡುತ್ತಾಳೆ, ಪಕ್ಕದಲ್ಲಿ ಪೋಲೆಂಡ್ ದೇಶದ ಹೆಣ್ಣುಮಗಳೊಬ್ಬಳು ಪಿಟೀಲು ನುಡಿಸುತ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇವತ್ತು ಬರೆಯದೆ ಕೂರಲಾರೆ.

ಆ ಪೋಲೆಂಡಿನಾಕೆ ಕವಿತೆ ಕಟ್ಟುತ್ತಾಳೆ, ತಾನೇ ಹಾಡುತ್ತಾಳೆ. ಚನ್ನಪಟ್ಟಣದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ನನ್ನ ಮೊಮ್ಮಗಳಿಗೆ ಪರಿಚಯವಾಗಿ, ಹೊಂಗನೂರಿನ ನಮ್ಮ ಮನೆಗೇ ಬಂದಳು. ಆಕೆ ಹುಟ್ಟಿ ಬೆಳೆದ ಮನೆ ಮೊದಲು ಬೇರೆಯವರದಂತೆ. ಯುದ್ಧದ ಕಾಲದಲ್ಲಿ ಸಿಪಾಯಿಗಳು ಬಂದು ಆ ಮನೆಯವರನ್ನು ಹಿಡಿದುಕೊಂಡು ಹೋದರಂತೆ, ಒಬ್ಬರೂ ತಿರುಗಿ ಬರಲಿಲ್ಲವಂತೆ. ಆಕೆಯ ಅಜ್ಜಿ ಸಾಯುವವರೆಗೂ ಆ ಮಾತೆತ್ತಲಿಲ್ಲ. ಈಗ ಇವಳು ಅದನ್ನೇ ಹಾಡು ಮಾಡಿ ಹಾಡಿದರೆ, ಹಳೆಯದನ್ನು ಕೆದಕಬೇಡ ಎಂದು ಅವಳೂರಿನವರೇ ಕೆಲವರು ಮುಖ ತಿರುಗಿಸುತ್ತಾರಂತೆ.

"ನಿಮ್ಮೂರಲ್ಲೂ ಯಾರೂ ಹಾಡ್ದೇ ಇರೋ ಹಾಡು ಐತಾ ಅಂತ ಕೇಳ್ತಾವ್ರೆ ಅಜ್ಜಿ" ಎಂದಳು ಮೊಮ್ಮಗಳು.

ಇತ್ತು. ಹಿಂದೆ ಪ್ಲೇಗು ಬಂದಾಗ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ನಮ್ಮವ್ವನ ಅವ್ವ, ಕಾಯಿಲೆ ಬಿದ್ದ ಅತ್ತೆಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕಾಯಿತು. ದಿನಾ ಬಂದು ಹೊಸ್ತಿಲ ಮೇಲೆ ಅಂಬಲಿ ಇಟ್ಟು ಹೋಗುತ್ತಿದ್ದಳಂತೆ. ಒಂದು ದಿನ ಬಂದು ನೋಡಿದರೆ ಮಡಕೆ ಇಟ್ಟ ಹಾಗೇ ಇತ್ತು. ಆಕೆ ಕಟ್ಟಿದ ಪದ ನಮ್ಮವ್ವನಿಗೆ ಬಂತು, ಅವ್ವನಿಂದ ನನಗೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಅದು ನನ್ನ ಬಾಯಿಗೆ ಬಂದದ್ದೇ ಇಲ್ಲ. ನಾನು ಹೋದರೆ ಅದೂ ಹೋದಂತೆ.

ಮೊಮ್ಮಗಳು ಫೋನು ಮುಂದಿಟ್ಟಳು. ನಾನು ಕುರ್ಚಿಯಲ್ಲಿ ಕೂತು ಗಂಟಲು ಸರಿ ಮಾಡಿಕೊಂಡೆ. ಎರಡು ಸಾಲು ಬಂತು, ನಿಂತುಹೋಯಿತು. ಕಾಫಿ ಕುಡಿದೆ, ಎಲೆಅಡಿಕೆ ಹಾಕಿದೆ. ಊಹೂಂ. ಕಣ್ಣು ತುಂಬಿಕೊಂಡವು. ಬಲಗೈ ಮಾತ್ರ ತೊಡೆಯ ಮೇಲೆ ತಾನಾಗಿ ಸುತ್ತುತ್ತಿತ್ತು. ಪೋಲೆಂಡಿನಾಕೆ ಅದನ್ನೇ ನೋಡಿ ಏನೋ ಕೇಳಿದಳು.

"ನಿನ್ ಕೈ ಯಾಕಜ್ಜಿ ಹಂಗೆ ತಿರುಗ್ತೈತೆ ಅಂತಾವ್ರೆ."

"ಅಯ್ಯೋ, ರಾಗಿ ಬೀಸೋ ಪದ ಕಣವ್ವಾ ಅದು! ಕುರ್ಚಿ ಮ್ಯಾಲೆ ಕುಂತ್ರೆ ಎಲ್ಲಿಂದ ಬಂದಾತು?"

ಹಿತ್ತಲಲ್ಲಿ ಕೋಳಿ ಮುಚ್ಚುವ ಮಂಕರಿಯ ಮೇಲೆ ಭಾರಕ್ಕೆ ಹೇರಿದ್ದ ಬೀಸುಕಲ್ಲನ್ನು ತೊಳೆದು ತಂದರು. ನಮ್ಮ ಯಜಮಾನರು ಗುರ್ ಅಂದರು.

"ಏನಮ್ಮೀ, ಸತ್ತೋರ ಪದ ಮನೆ ಒಳಗ್ಯಾಕೆ? ಕೇಡು ಕರ್ದಂಗಾಯ್ತದೆ!"

"ಒಳ್ಗಲ್ಲ, ಜಗುಲೀಲಿ. ನೀವು ಒಸಿ ಸುಮ್ಕಿರಿ. ಕಲ್ಲಿಗೆ ಗೂಟ ಇಲ್ಲ, ಒಂದು ಗೂಟ ಮಾಡ್ಕೊಡಿ."

ಗೊಣಗುತ್ತಲೇ ಹಿಪ್ಪುನೇರಳೆ ಕೊಂಬೆ ಕೆತ್ತಿ ಬಡಿದುಕೊಟ್ಟರು. ಪೋಲೆಂಡಿನಾಕೆ ನನ್ನೆದುರು ಕೂತು ಗೂಟ ಹಿಡಿದಳು, ಉಲ್ಟಾ ಎಳೆದಳು.

"ಈ ಕಡೀಕೆ ಕಣವ್ವಾ! ನೀನು ಜಗ್ಗಾಡಿದ್ರೆ ನಾನೇ ಹಿಟ್ಟಾಗೋಯ್ತೀನಿ!"

ಎಲ್ಲರೂ ನಕ್ಕರು. ಆಮೇಲೆ ಕಲ್ಲು ಸಲೀಸಾಗಿ ಗುಂಯ್‌ಗುಟ್ಟಿತು. ರಾಗಿಯ ಹಿಂದೆ ರಾಗಿ ಹಾಕಿದಂತೆ ಸಾಲಿನ ಹಿಂದೆ ಸಾಲು ಬಂತು.

ಹೊಸ್ತಿಲ ಮ್ಯಾಲೆ ಅಂಬಲಿ ಇಟ್ಟಿವ್ನಿ, ಬಾಗ್ಲು ತಗಿ ಅತ್ತೆ
ನೀ ಉಣ್ಣದಿದ್ರೂ ನಿನ್ನ ಪಾಲು ನಾ ಉಣ್ಣೆ ನನ್ನತ್ತೆ

ಅದೇ ಕೊನೆ! ಮೊಮ್ಮಗಳು ಅದಾಗಲೇ ನನ್ನ ಜೊತೆ ದನಿಗೂಡಿಸಿದ್ದಳು. ಯಜಮಾನರು ಟವೆಲಿನಿಂದ ಮೂಗೊರೆಸಿಕೊಂಡು ದನದ ಕಡೆ ಹೋದರು.

ಸಂಜೆ ಅದೇ ಹಿಟ್ಟಿನಲ್ಲಿ ಮುದ್ದೆ ಮಾಡಿದೆ. ಎಲ್ಲರೂ ಊಟಕ್ಕೆ ಕೂತಾಗ ಯಜಮಾನರೇ, "ಪದದಲ್ಲಿರೋ ಆ ಅಜ್ಜಿಗೂ ಒಂದು ತಟ್ಟೆ ಇಕ್ಕಮ್ಮೀ, ಪಾಲು ಐತಲ್ಲ" ಎಂದರು. ಇಟ್ಟೆ. ಮೊಮ್ಮಗಳು ಅದೇನೆಂದು ತಿಳಿಸಿದಾಗ ಪೋಲೆಂಡಿನಾಕೆ ಎದ್ದು ಹೋಗಿ ಇನ್ನೊಂದು ತಟ್ಟೆ ತಂದು ಅದರ ಪಕ್ಕದಲ್ಲಿಟ್ಟಳು, ತನ್ನ ಮನೆಯಲ್ಲಿ ಮೊದಲಿದ್ದವರಿಗೆ. ಅದಕ್ಕೂ ಒಂದು ಮುದ್ದೆ ಇಟ್ಟು ಸಾರು ಬಿಟ್ಟೆ. ಆಮೇಲೆ ಆಕೆ ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದಳು, ಅಗಿದೇ ಅಗಿದಳು.

"ಅಗೀಬ್ಯಾಡ ಕಣವ್ವಾ, ನುಂಗು!" ಎಂದು ಮನೆಮಂದಿಯೆಲ್ಲ ಒಟ್ಟಿಗೆ ಕೂಗಿ, ನಗುತ್ತಾ ನುಂಗುತ್ತಾ ಅವರೆಕಾಳಿನ ಸಾರಿನ ಪಾತ್ರೆಯ ತಳ ಕಾಣಿಸಿದೆವು.