ಮಂಕಿನಾಟ

ಸಂಜೆ ಕೆಲಸ ಬಿಟ್ಟಮೇಲೆ ಮೇಸ್ತ್ರಿ ಗಿಡ್ಡಪ್ಪ ಹೆಣ್ಣಾಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮಡಿಲು ಬಿಚ್ಚಿಸುತ್ತಿದ್ದ. ಕಾಫಿ ಹಣ್ಣು ಕದ್ದು ಒಯ್ದಾರೆಂಬ ಅನುಮಾನ. ಕೂಲಿ ಕೊಡುವಾಗ ಇಲ್ಲದ ಶ್ರದ್ಧೆ ಅವನಿಗೆ ಈ ಕೆಲಸದಲ್ಲಿತ್ತು. ಯಲ್ಲಮ್ಮನ ಸರದಿ ಬಂದಾಗ ಮಾತ್ರ ಮುಖ ಸಿಂಡರಿಸುತ್ತಿದ್ದ. ಅವಳ ಮಡಿಲಿನಿಂದ ಉದುರುತ್ತಿದ್ದುದು ಬಸವನಹುಳುವಿನ ಖಾಲಿ ಚಿಪ್ಪು, ಮರಕುಟಿಗದ ಗರಿ, ಬೆನ್ನು ಬೆಳ್ಳಗಿರುವ ಸಿಲ್ವರ್ ಓಕಿನ ಎಲೆ.

"ಇದೆಂಥ ಕಸವೇ ಯಲ್ಲಿ? ಕಾಡು ಗುಡ್ಸೋ ಕೆಲ್ಸ ನಿಂಗೆ ಯಾರು ಕೊಟ್ಟಿದ್ದು?"

"ಮಗೀಗೆ, ಮೇಸ್ತ್ರಿಯೋರೇ."

ಗೋಣಿಬೀಡಿನಾಚೆಯ ಗುಡ್ಡಗಳಲ್ಲಿ ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹಡಗು ಹತ್ತುತ್ತಿದ್ದ ಕಾಲವದು. ಕಲ್ಲುಗುಡ್ಡೆ ಎಸ್ಟೇಟನ್ನೂ ನಮ್ಮವರೇ ಒಬ್ಬ ಸಾಹುಕಾರರು ಕೊಂಡಿದ್ದರು. ದೊರೆ ಹೋದ, ಮೇಸ್ತ್ರಿ ಉಳಿದ. ಆಳುಗಳು ವಾಸವಿದ್ದ ಲೈನಿನ ಮನೆಗಳ ಸೂರೂ ಹಾಗೇ ಸೋರುತ್ತ ಉಳಿಯಿತು. ಯಲ್ಲಮ್ಮನ ಗಂಡ ಚಳಿಜ್ವರ ಬಂದು ಅದೇ ಸೂರಿನಡಿ ಸತ್ತಿದ್ದ. ಉಳಿದವಳು ಮಗಳು ಹೊನ್ನಿ. ಆಗ ಅವಳಿಗೆ ಐದು ವರ್ಷ.

ಯಲ್ಲಮ್ಮನ ಕೈಗೆ ಹಣ್ಣು ಕುಯ್ಯುವ ಬುಟ್ಟಿ ಬಂದಾಗ ಅವಳ ಹಾಲುಹಲ್ಲು ಬಿದ್ದಿರಲಿಲ್ಲ. ತೋಟದಲ್ಲಿ ಮಕ್ಕಳಿಗೆ ಅರ್ಧಾಳು ಎನ್ನುತ್ತಿದ್ದರು. ಅರ್ಧ ಕೂಲಿ, ಪೂರ್ತಿ ಬೈಗುಳ. ಒಮ್ಮೆ ಹಾಜರಿ ಪುಸ್ತಕಕ್ಕೆ ಹೆಸರು ಹತ್ತಿತೆಂದರೆ ಇಳಿಯುವುದು ಚಟ್ಟದ ಮೇಲೆಯೇ. ಮಗಳ ಹೆಸರು ಅಲ್ಲಿಗೆ ಹತ್ತಬಾರದು. ಯಲ್ಲಮ್ಮನಿಗೆ ಬದುಕಿನಲ್ಲಿದ್ದ ಹಟ ಇದೊಂದೇ. ಹತ್ತದೆ ಏನಾಗಬೇಕೆಂದು ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದವರ ಹಟ ಬಲು ಗಟ್ಟಿ.

ಅದಕ್ಕೇ ದಿನವೂ ಏನಾದರೊಂದನ್ನು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದಳು. ಬೂರುಗದ ಮರದ ದಪ್ಪ ಮುಳ್ಳನ್ನು ಕಿತ್ತು, ಬುಡವನ್ನು ಕಲ್ಲಿಗೆ ಉಜ್ಜಿ, ಕುಡುಗೋಲಿನ ಮೊನೆಯಲ್ಲಿ ಹಕ್ಕಿಯ ಹೆಜ್ಜೆ ಕೊರೆದುಕೊಟ್ಟಳು. ಹೊನ್ನಿ ಅದನ್ನು ಕೆಮ್ಮಣ್ಣಿನ ರಾಡಿಗೆ ಅದ್ದಿ, ಅಚ್ಚೊತ್ತಿ, ಗೋಡೆಯ ತುಂಬ ಹಕ್ಕಿ ನಡೆಸಿದಳು. ಒಲೆಯ ಇದ್ದಿಲು ಕೊಟ್ಟರೆ ಹಕ್ಕಿಗೆ ಮೈ ಬಂತು, ಮರ ಬಂತು, ಮರದ ಕೆಳಗೆ ಬುಟ್ಟಿ ಹೊತ್ತ ಅವ್ವ ಬಂದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ," ಎಂದು ಲೈನಿನ ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ.

ಹೊನ್ನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬೀಜದಾಟ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಚರಂಡಿಯಲ್ಲಿ ಜಳ್ಳು ಬೀಜ ತೇಲಿಹೋಗುತ್ತಿತ್ತು, ಯಾರಿಗೂ ಬೇಡದ್ದು. ಯಲ್ಲಮ್ಮ ಅದನ್ನು ಬಾಚಿ ತಂದು ಒಣಗಿಸಿ ಸುರಿದಳು. ಚಪ್ಪಟೆ ಬೀಜ ಒಂದು ಕಡೆ, ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ ಇನ್ನೊಂದು ಕಡೆ, ಪಲ್ಪರ್ ಕಚ್ಚಿದ್ದು ಮತ್ತೊಂದು ಕಡೆ. ಕೆಲವೇ ದಿನಗಳಲ್ಲಿ ಹೊನ್ನಿ ಕಣ್ಣು ಮುಚ್ಚಿಕೊಂಡೇ ಆರಿಸತೊಡಗಿದಳು. ಆರಿಸಿದ್ದನ್ನೆಲ್ಲ ನೆಲದ ಮೇಲೆ ಜೋಡಿಸಿ ನವಿಲು ಮಾಡುತ್ತಿದ್ದಳು. ನೋಡಿದರೆ ಯಲ್ಲಮ್ಮನಿಗೆ ಹಸಿವು ಮರೆತುಹೋಗುತ್ತಿತ್ತು.

ಆ ವರ್ಷ ಕುಯ್ಲಿನ ಹೊತ್ತಿಗೆ ಲೈನಿನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮುದುಕಿ ತಂಗಮ್ಮ ಜ್ವರ ಬಂದು ಮಲಗಿದಳು. ಬೇರೆ ದಾರಿಯಿಲ್ಲದೆ ಯಲ್ಲಮ್ಮ ಮಗಳನ್ನು ಬೀಜ ಒಣಗಿಸುವ ಕಣಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಹೆಂಗಸರು ಚಾಪೆಯ ಮುಂದೆ ಕೂತು ಕೆಟ್ಟ ಬೀಜ ಆರಿಸುತ್ತಿದ್ದರು. ಹೊನ್ನಿ ಕಂಡಳು, ಹಿಗ್ಗಿದಳು. ಮನೆಯ ಆಟವನ್ನು ಇಷ್ಟು ಜನ ಆಡುತ್ತಾರೆಂದು ಅವಳಿಗೇನು ಗೊತ್ತು? ಹೋಗಿ ಕೂತವಳೇ ಎರಡೂ ಕೈಯಿಂದ ಆರಿಸತೊಡಗಿದಳು. ಯಲ್ಲಮ್ಮ ತಿರುಗಿ ನೋಡುವಷ್ಟರಲ್ಲಿ ಗಿಡ್ಡಪ್ಪ ಬೆನ್ನ ಹಿಂದೆ ನಿಂತಿದ್ದ.

"ಬೆಳೆಯೋ ಸಿರಿ ಮೊಳಕೇಲಿ ಅಂತಾರಲ್ಲ, ಇದೇ ನೋಡು. ನಾಳೆಯಿಂದ ಇವಳಿಗೂ ಒಂದು ಚಾಪೆ."

"ಇನ್ನೂ ಹಸುಗೂಸು, ಮೇಸ್ತ್ರಿಯೋರೇ."

"ಕೈ ಹಸುಗೂಸಿನ ಹಾಗೆ ಕಾಣಲ್ವಲ್ಲ."

ಆ ಸಂಜೆ ಯಲ್ಲಮ್ಮ ಗಂಜಿ ಕುಡಿಯಲಿಲ್ಲ. ಮಗಳ ಕೈಗೆ ಆ ಚುರುಕು ಕೊಟ್ಟವಳು ತಾನೇ ಎಂದು ತನ್ನನ್ನೇ ಶಪಿಸಿಕೊಂಡಳು. ಆಮೇಲೆ ಹೊನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ನಾಳೆ ಒಂದು ಹೊಸ ಆಟ ಮಗ. ಮಂಕಿನಾಟ. ಮೇಸ್ತ್ರಿ ಮುಂದೆ ನಿಂಗೆ ಏನೂ ಬರಬಾರ್ದು. ಬಾಯಿ ಬಿಟ್ಕೊಂಡು ಕೂರ್ಬೇಕು. ಒಳ್ಳೆ ಬೀಜ ಕೆಟ್ಟದ್ರ ಜೊತೆ ಸೇರಿಸ್ಬೇಕು. ಹೆಸ್ರು ಕೇಳಿದ್ರೂ ಹೇಳ್ಬಾರ್ದು."

"ಬೇರೆಯೋರು ಕೇಳಿದ್ರೆ?"

"ದೊಡ್ಡೋರು ಯಾರು ಕೇಳಿದ್ರೂ ಅಷ್ಟೇ."

ಗಿಡ್ಡಪ್ಪನ ಬುದ್ಧಿ ಯಲ್ಲಮ್ಮನಿಗೆ ಗೊತ್ತಿತ್ತು. ಮಗುವಿನ ಬಾಯಿ ಬಿಡಿಸಲು ಅವನು ತಾಯಿಯನ್ನೇ ಮುಂದೆ ಬಿಟ್ಟಾನು. ಅದನ್ನೂ ಯೋಚಿಸಿ ಸೇರಿಸಿದಳು: "ಅವನ ಎದ್ರಿಗೆ ನಾನೇ ಕಾಲು ಹಿಡ್ದು ಬೇಡ್ಕೊಂಡ್ರೂ ಬಿಟ್ಕೊಡ್ಬೇಡ. ಬಿಟ್ಕೊಟ್ರೆ ಸೋತೆ."

ಹೊನ್ನಿ ಸೋಲುವ ಮಗುವಲ್ಲ. ಮರುದಿನ ಜೊಲ್ಲು ಸುರಿಸುತ್ತ ಕೂತು, ಆರಿಸಿಟ್ಟ ಬೀಜವನ್ನೆಲ್ಲ ಕಲಸಿಹಾಕಿದಳು. ಹೆಸರು ಕೇಳಿದರೆ ಆಕಾಶ ನೋಡಿದಳು. "ಮಂಕುದಿಣ್ಣೆ!" ಎಂದು ಗಿಡ್ಡಪ್ಪ ಕೆನ್ನೆಗೆ ಬಾರಿಸಿ ಅಟ್ಟಿದ. ಅಳುತ್ತ ಓಡಿಬಂದ ಮಗಳನ್ನು ಯಲ್ಲಮ್ಮ ಪಲ್ಪರ್ ಮನೆಯ ಮರೆಯಲ್ಲಿ ಅಪ್ಪಿಕೊಂಡು ತಾನೂ ಅತ್ತಳು, ಸಂತೋಷವೂ ಪಟ್ಟಳು. ಅಂದಿನಿಂದ ತೋಟಕ್ಕೆಲ್ಲ ಅವಳು ಮಂಕಿ ಹೊನ್ನಿಯಾದಳು. ಬಾಗಿಲು ಹಾಕಿದ ಮೇಲೆ ನೆಲದ ಮೇಲೆ ನವಿಲು ಗರಿ ಬಿಚ್ಚುತ್ತಲೇ ಇತ್ತು.

ಕುಯ್ಲು ಮುಗಿಯುತ್ತ ಬಂದಾಗ, ಒಂದು ಮಧ್ಯಾಹ್ನ, ಜ್ವರದಿಂದ ಎದ್ದು ಮತ್ತೆ ಲೈನಿನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ತಂಗಮ್ಮ ಕಣಕ್ಕೆ ಏದುಸಿರು ಬಿಡುತ್ತ ಬಂದಳು.

"ಅಯ್ಯೋ ಯಲ್ಲಮ್ಮ, ಸಾಹುಕಾರ್ರ ಮನೆ ವಿಶಾಲಾಕ್ಷಮ್ಮನೋರು ಲೈನಿಗೆ ಬಂದಿದ್ರು ಕಣೆ. ಚಿಕ್ಕಮಗಳೂರಲ್ಲಿ ಅವರ ಕಡೆ ಹೆಂಗಸರು ಸೇರ್ಕೊಂಡು ಬಡವರ ಹೆಣ್ಣುಮಕ್ಕಳಿಗೆ ಅನ್ನ ಹಾಕಿ ಓದಿಸೋ ಮನೆ ಮಾಡಿದಾರಂತೆ. ನಮ್ಮ ತೋಟದಿಂದ ಒಂದು ಚೂಟಿ ಹುಡುಗಿ ಬೇಕಂತೆ. ನಿಮ್ಮ ಗೋಡೆ ಮೇಲಿನ ಹಕ್ಕಿ ನೋಡಿ ನಿಂತೇ ಬಿಟ್ರು. ಯಾರು ಬರ್ದಿದ್ದು ಅಂತ ಹೊನ್ನೀನ ಕೇಳಿದ್ರೆ, ಇವಳು ಜೊಲ್ಲು ಸುರಿಸ್ಕೊಂಡು ನಿಂತ್ಳು. ಜೊತೆಗಿದ್ದ ಮೇಸ್ತ್ರಿ, ಇದು ಮಂಕು ಅಮ್ಮಾವ್ರೇ, ಅಂದ. ಹೊರಟೇಹೋದ್ರು. ಇವತ್ತೇ ಪೇಟೆಗೆ ವಾಪಸ್ಸಂತೆ."

ಉತ್ತರವಿಲ್ಲದ ಹಟಕ್ಕೆ ಉತ್ತರ ಮನೆ ಬಾಗಿಲಿಗೇ ಬಂದು ತಿರುಗಿ ಹೋಗಿತ್ತು. ಯಲ್ಲಮ್ಮ ಕೈಯಲ್ಲಿದ್ದ ಮೊರವನ್ನು ಅಲ್ಲೇ ಬಿಟ್ಟು ಬಂಗಲೆಯ ಏರು ಹತ್ತಿ ಓಡಿದಳು. ಅಂಗಳದಲ್ಲಿ ಕಾರು ನಿಂತಿತ್ತು, ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಗಿಡ್ಡಪ್ಪ ಮೇಲ್ವಿಚಾರಣೆ ನಡೆಸುತ್ತಿದ್ದ. ಯಲ್ಲಮ್ಮ ಅವನನ್ನು ಕಂಡಳು, ಒಂದು ಕ್ಷಣ ಹಿಂಜರಿದಳು, ಆಮೇಲೆ ಹೇಳಿಯೇಬಿಟ್ಟಳು.

"ನನ್ ಮಗಳು ಮಂಕಲ್ಲ ಅಮ್ಮಾವ್ರೇ. ಹಕ್ಕಿ ಬರ್ದಿದ್ದು ಅವಳೇ. ಬೀಜಕ್ಕೆ ಕೂರಿಸ್ತಾರೆ ಅಂತ ನಾನೇ ಮಂಕಿನ ಹಾಗೆ ಇರು ಅಂತ ಕಲಿಸಿದ್ದು."

ವಿಶಾಲಾಕ್ಷಮ್ಮ ಕೆಟ್ಟವರಲ್ಲ, ಅವಸರದಲ್ಲಿದ್ದರು, ಅಷ್ಟೇ. "ಹೌದೇ? ಹಾಗಾದ್ರೆ ಕರೆಸು ನೋಡೋಣ," ಎಂದರು. ಕರೆತರಲು ಹೋದವನು ಗಿಡ್ಡಪ್ಪ. ಯಲ್ಲಮ್ಮನೂ ಹೊರಟಾಗ, "ನೀನು ಇಲ್ಲೇ ನಿಲ್ಲು, ಹೇಳಿಕೊಟ್ಟದ್ದು ಆಗ್ಬಾರ್ದು," ಎಂದು ವಿಶಾಲಾಕ್ಷಮ್ಮ ತಡೆದರು.

ಮೇಸ್ತ್ರಿಯ ಹಿಂದೆ ಬಂದ ಹೊನ್ನಿಯ ಬಾಯಿ ಆಗಲೇ ತೆರೆದಿತ್ತು.

"ಹೊನ್ನಿ, ಅಮ್ಮಾವ್ರಿಗೆ ಹೆಸ್ರು ಹೇಳು ಮಗ."

ಹೊನ್ನಿ ಆಕಾಶ ನೋಡಿದಳು.

ಯಲ್ಲಮ್ಮ ಮಡಿಲಿನಲ್ಲಿದ್ದ ಚಿಪ್ಪು, ಬೀಜಗಳನ್ನು ನೆಲಕ್ಕೆ ಸುರಿದಳು. "ನವಿಲು ಮಾಡಿ ತೋರ್ಸೇ. ಆಟ ಮುಗೀತು ಕಣೆ. ನಿಜಕ್ಕೂ ಮುಗೀತು."

ಹೊನ್ನಿ ಅವ್ವನನ್ನು ನೋಡಿದಳು, ಅವ್ವನ ಹಿಂದಿದ್ದ ಮೇಸ್ತ್ರಿಯನ್ನು ನೋಡಿದಳು. ಬಗ್ಗಿ ಒಂದು ಚಿಪ್ಪನ್ನು ಎತ್ತಿ ಬಾಯಿಗೆ ಹಾಕಿಕೊಂಡು ಚೀಪತೊಡಗಿದಳು. ಯಲ್ಲಮ್ಮ ಮಂಡಿಯೂರಿ ಮಗಳ ಎರಡೂ ಪಾದ ಹಿಡಿದುಕೊಂಡಳು. "ನಿನ್ನ ಕಾಲಿಗೆ ಬೀಳ್ತೀನಿ, ಮಾತಾಡು." ಹೊನ್ನಿಯ ಕಣ್ಣಂಚಿನಲ್ಲಿ ಒಂದು ನಗು ಮಿಂಚಿತು, ತಾಯಿಗೊಬ್ಬಳಿಗೇ ಕಾಣುವಂಥದ್ದು. ಜೊಲ್ಲು ಗಲ್ಲದ ಮೇಲಿಳಿಯಿತು.

"ಪಾಪ, ಹೆತ್ತ ಕರುಳು," ಎಂದರು ವಿಶಾಲಾಕ್ಷಮ್ಮ. ಕಾರು ಹೋಯಿತು.

ಬಂಗಲೆಯ ಏರು ಇಳಿಯುವಾಗ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೊನ್ನಿ ಬಾಯಿಂದ ಚಿಪ್ಪು ತೆಗೆದಳು.

"ನಾನು ಗೆದ್ನಾ ಅವ್ವ?"

"ಗೆದ್ದೆ ಮಗ," ಎಂದಳು ಯಲ್ಲಮ್ಮ. ಬೇರೇನು ಹೇಳಲಿ?

ಮರುದಿನ ಕಣದಲ್ಲಿ ಒಂದು ಚಾಪೆ ಹೆಚ್ಚಿಗೆ ಹಾಸಿತ್ತು. ಗಿಡ್ಡಪ್ಪ ಕೈಯಲ್ಲಿ ಬೆತ್ತ ಹಿಡಿದು ಅದರ ಪಕ್ಕ ನಿಂತಿದ್ದ.

"ಜಾಣೆ ಅಂತ ನೀನೇ ಹೇಳಿದ್ಯಲ್ಲ ಯಲ್ಲಿ, ಅಷ್ಟು ಜನರ ಮುಂದೆ. ಕೂರಿಸು."

ಹೊನ್ನಿ ಚಾಪೆಯ ಮುಂದೆ ಕೂತು ಬಾಯಿ ತೆರೆದಳು. ಬೀಜಕ್ಕೆ ಕೈ ಹಾಕುವ ಮುಂಚೆ, ಇವತ್ತು ಯಾವ ಆಟ ಎಂದು ಕೇಳುವವಳಂತೆ ಅವ್ವನ ಮುಖ ನೋಡಿದಳು. ಬೆತ್ತ ಅವಳ ಹೆಗಲಿನ ಹತ್ತಿರವೇ ಇತ್ತು.

"ಸರಿಯಾಗಿ ಆರ್ಸು ಮಗ," ಎಂದಳು ಯಲ್ಲಮ್ಮ.

ಹೊನ್ನಿ ಬಾಯಿ ಮುಚ್ಚಿ ಆರಿಸತೊಡಗಿದಳು. ಚಪ್ಪಟೆ ಒಂದು ಕಡೆ, ಗುಂಡು ಒಂದು ಕಡೆ, ಕಚ್ಚಿದ್ದು ಒಂದು ಕಡೆ. ಸಂಜೆ ಮೇಸ್ತ್ರಿ ಸಾಲಾಗಿ ನಿಲ್ಲಿಸಿದಾಗ ತಾಯಿಯ ಪಕ್ಕ ಅವಳೂ ನಿಂತು ತನ್ನ ಪುಟ್ಟ ಲಂಗ ಕೊಡವಿ ತೋರಿಸಿದಳು. ಇಬ್ಬರ ಮಡಿಲಲ್ಲೂ ಏನೂ ಇರಲಿಲ್ಲ.